ಅಳಿವೆಯ ದಂಡೆಯಲ್ಲಿ ಗಾಳ

ಗಾಳ ಹಾಕಿ ಕುಳಿತವನನ್ನು ಕಂಡು ಸೋಮಾರಿಯೆಂದು ನಗುವವರು ಬಹಳ. ಅಂಥವರು ಒಮ್ಮೆ ಗಂಗೊಳ್ಳಿಯ ಅಳಿವೆಗೆ ಬರಬೇಕು. ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲನ್ನು ಸೇರುವ ಆ ಪಂಚಗಂಗಾವಳಿಯ ದಂಡೆಯಲ್ಲಿ ದಾರ ಹಿಡಿದು ಕುಳಿತವನಿಗೆ ಬೇಕಾದ ಎಚ್ಚರ, ಪರೀಕ್ಷೆಗೆ ಕುಳಿತ ನನ್ನ ವಿದ್ಯಾರ್ಥಿಗಳಲ್ಲಿಯೂ ಅಪರೂಪ!

ಮೊದಲು ತಿಳಿಯಬೇಕಾದುದು ನೀರಿನ ಗತಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು ೫೦ ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಉಬ್ಬರವೂ ಹೆಚ್ಚು, ಸೆಳವೂ ಹೆಚ್ಚು. ನೀರು ಹರಿಯತೊಡಗಿ ಸಿಗಡಿಯೂ ಸಣ್ಣ ಮೀನುಗಳೂ ಚಲಿಸಿದಾಗ, ಅವನ್ನರಸಿ ದೊಡ್ಡ ಮೀನುಗಳು ಬರುತ್ತವೆ. ಆದುದರಿಂದ ಗಾಳ ಹಾಕುವವನಿಗೆ ಗಡಿಯಾರಕ್ಕಿಂತ ಚಂದ್ರನೇ ಹೆಚ್ಚು ಪ್ರಯೋಜನಕಾರಿ.

ಇನ್ನು ಕಟ್ಟಳೆ. ನಮ್ಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನಗಳ ಕಾಲ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ದಡದಲ್ಲಿ ನಿಂತು ಗಾಳ ಎಸೆಯುವವನನ್ನು ಈ ನಿಷೇಧ ಮುಟ್ಟದು. ಆದರೆ ಕಾನೂನು ಸುಮ್ಮನಿದ್ದಲ್ಲಿ ವಿವೇಕವೂ ಸುಮ್ಮನಿರಬೇಕೆ?

ಕಳೆದ ವರ್ಷ ನನ್ನ ಗಾಳಕ್ಕೆ ಗೇಣುದ್ದದ ಕುರುಡೆ ಮೀನೊಂದು ಬಿದ್ದಿತು. ನಾನು ಹಿಗ್ಗುತ್ತಿರುವಾಗ ಪಕ್ಕದಲ್ಲಿದ್ದ ವೃದ್ಧರೊಬ್ಬರು, “ಮಾಷ್ಟ್ರೆ, ಅದ್ ಇನ್ನೂ ಮರಿ. ಬಿಟ್ಬಿಡಿ” ಎಂದರು.

“ನಾನು ಬಿಟ್ಟರೆ ನಾಳೆ ಇನ್ನೊಬ್ಬ ಹಿಡಿಯುತ್ತಾನಲ್ಲ!”

“ಅದ್ ಅವ್ನ್ ಲೆಕ್ಕ, ಮಾಷ್ಟ್ರೆ.”

ನಾನು ಕೇಳಲಿಲ್ಲ, ಮೀನು ಸಾರಾಯಿತು. ಅನಂತರವೇ ಆ ಮೀನಿನ ವೃತ್ತಾಂತವನ್ನು ಓದಿದೆ. ಕುರುಡೆ ಬಹುಮಟ್ಟಿಗೆ ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ. ವರ್ಷಗಳು ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ! ಎಂದರೆ, ಮರಿಯನ್ನು ಹಿಡಿದರೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ತೀರ ದೊಡ್ಡದನ್ನು ಹಿಡಿದರೆ ಲಕ್ಷಗಟ್ಟಲೆ ಮೊಟ್ಟೆಯಿಡುವ ತಾಯಿಯೇ ಹೋಯಿತು. ಇದೇ ಮೀನು ಆಸ್ಟ್ರೇಲಿಯದಲ್ಲಿ ‘ಬಾರಮಂಡಿ’ ಎಂದು ಹೆಸರಾಗಿದೆ. ಅಲ್ಲಿಯ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಯಲ್ಲಿ ೫೮ ಸೆಂಟಿಮೀಟರಿಗಿಂತ ಚಿಕ್ಕದನ್ನೂ ೧೨೦ಕ್ಕಿಂತ ದೊಡ್ಡದನ್ನೂ ನೀರಿಗೆ ಮರಳಿಸಬೇಕು. ಪೂರ್ವ ತೀರದಲ್ಲಿ ನವೆಂಬರಿನಿಂದ ಜನವರಿಯ ಕೊನೆಯವರೆಗೆ ಅದನ್ನು ಹಿಡಿಯುವುದೇ ಅಪರಾಧ. ನಮ್ಮ ವೃದ್ಧರು ಓದದೆಯೇ ಬಲ್ಲ ನೀತಿಯನ್ನು ಅವರು ಕಾನೂನಿನಲ್ಲಿ ಬರೆದಿದ್ದಾರೆ.

ಬಿಡುವುದಕ್ಕೂ ಒಂದು ಕ್ರಮವುಂಟು. ಕೈಯನ್ನು ಒದ್ದೆ ಮಾಡಿಕೊಳ್ಳಬೇಕು. ಒಣಗೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಕಿವಿರಿಗೆ ಬೆರಳು ತಾಗಿಸಬಾರದು. ತಾನಾಗಿ ಈಜುವವರೆಗೆ ನೀರಿನಲ್ಲೇ ಮೆಲ್ಲನೆ ಹಿಡಿದಿರಬೇಕು.

ಈ ವರ್ಷ ಮತ್ತೆ ಅಂಥದೇ ಮರಿಯೊಂದು ಸಿಕ್ಕಿತು. ಬರಿಗೈಯಲ್ಲಿ ಮನೆಗೆ ಬಂದವನನ್ನು ಕಂಡು ಮನೆಯಾಕೆ, “ಇವತ್ತೂ ಸಿಕ್ಕಲಿಲ್ಲವೆ?” ಎಂದಳು.

“ಸಿಕ್ಕಿತ್ತು” ಎಂದೆ.