ಕಡಲ ಕಿನಾರೆಗೊಂದು ಐನ್‌ಮನೆ

ಕೊಡಗಿನವರಾದ ನಮಗೆ ಕಡಲೆಂದರೆ ಮಂಗಳೂರಿಗೆ ಹೋದಾಗ ಕಾಲು ನೆನೆಸಿ ಬರುವ ಜಾಗ, ಅಷ್ಟೆ. ಆದರೆ ಈ ಸೆಮಿಸ್ಟರ್‌ನಲ್ಲಿ ಸಿವಿಲ್ ವಿದ್ಯಾರ್ಥಿಗಳಾದ ನಮಗೆ ಸಿಕ್ಕ ಮಿನಿ ಪ್ರಾಜೆಕ್ಟ್: ಮೂರು ತಲೆಮಾರು ಒಟ್ಟಿಗಿರುವ, ಸಮುದ್ರಕ್ಕೆ ಮುಖ ಮಾಡಿದ ಐಷಾರಾಮಿ ಮನೆ. ಜಾಗ ನೋಡಲು ಉಳ್ಳಾಲ, ಸೋಮೇಶ್ವರದ ಕಡೆ ಹೊರಟೆವು.

ಮೈಸೂರಿನ ಗೆಳೆಯನ ತಲೆಯಲ್ಲಿ ಆಗಲೇ ಈಜುಕೊಳ, ನೆಲದಿಂದ ಸೂರಿನವರೆಗೆ ಗಾಜು! ಉಳ್ಳಾಲದ ಕಡಲ್ಕೊರೆತ ನೋಡಿದ ಮೇಲೆ ಅವನೇ ಸುಮ್ಮನಾದ. ಮಳೆಗಾಲದ ಅಲೆಗಳು ಅಲ್ಲಿ ಎಷ್ಟೋ ಮನೆಗಳನ್ನು ನುಂಗಿವೆ. ಹಾಗಾಗಿ ನಕ್ಷೆಯಲ್ಲಿ ಮೊದಲು ಎಳೆಯಬೇಕಾದದ್ದು ಗೋಡೆಯ ಗೆರೆಯಲ್ಲ, ಉಬ್ಬರದ ಗೆರೆ. 2019ರ ಸಿಆರ್‌ಝಡ್ ಅಧಿಸೂಚನೆಯಂತೆ ಹಳ್ಳಿಗಾಡಿನ ತೀರದಲ್ಲಿ ಆ ಗೆರೆಯಿಂದ 200 ಮೀಟರ್, ಜನದಟ್ಟಣೆ ಹೆಚ್ಚಿದ್ದರೆ 50 ಮೀಟರ್ ಜಾಗ ಬಿಡಬೇಕು. ಪಟ್ಟಣದೊಳಗಿನ ಲೆಕ್ಕ ಬೇರೆ.

ಇನ್ನು ಉಪ್ಪುಗಾಳಿ. ಕಾಂಕ್ರೀಟ್ ಒಳಗಿನ ಕಬ್ಬಿಣಕ್ಕೆ ಅದೇ ಶತ್ರು. ಐಎಸ್ 456 ಪ್ರಕಾರ ಸಾಧಾರಣ ವಾತಾವರಣದಲ್ಲಿ ಎಂ20 ಕಾಂಕ್ರೀಟ್, ಸರಳಿನ ಮೇಲೆ 20 ಮಿ.ಮೀ. ಕವರ್ ಸಾಕು. ಸಮುದ್ರದ ತುಂತುರು ಬಡಿಯುವಲ್ಲಿ ಎಂ35, 50 ಮಿ.ಮೀ. ಬೇಕು. ನಮ್ಮ ಬಜೆಟ್ ಅಲ್ಲೇ ಅರ್ಧ ಕರಗಿತು ಅನ್ನಿ.

ಒಳವಿನ್ಯಾಸಕ್ಕೆ ನನಗೆ ನೆನಪಾದದ್ದು ನಮ್ಮ ಐನ್‌ಮನೆ. ಪುತ್ತರಿಗೆ ಇಡೀ ಒಕ್ಕ ಸೇರಿದರೂ ಅಲ್ಲಿ ಇಕ್ಕಟ್ಟೆನಿಸುವುದಿಲ್ಲ. ಮುಂದೆ ಕೈಯಾಲೆ, ಕಂಬಗಳ ನಡುವೆ ಕೂರಲು ಐಮರ, ಒಳಗೆ ದೀಪವಿಡುವ ನೆಲ್ಲಕ್ಕಿ ನಡುಬಾಡೆ, ಮಳೆ ಜಾರಿಹೋಗುವ ಹೆಂಚಿನ ಮಾಡು. ಗಾಜಿನ ಗೋಡೆ ತೆಗೆದು ಕಡಲಿಗೆದುರಾಗಿ ಕೈಯಾಲೆ ಬರೆದೆವು. ಅಜ್ಜ ಅಜ್ಜಿ ಐಮರದಲ್ಲಿ ಕೂತು ಅಲೆ ನೋಡಲಿ! ಐನ್‌ಮನೆಯ ಜಾಗವನ್ನೂ ಗಮನಿಸಿ: ಎದುರಿಗೆ ಗದ್ದೆ ಕಾಣುತ್ತದೆ, ಆದರೆ ಮನೆ ಗದ್ದೆಗಿಂತ ಎತ್ತರದಲ್ಲಿರುತ್ತದೆ. ನೋಟವೂ ಉಂಟು, ನೀರಿನ ಭಯವೂ ಇಲ್ಲ.

ಇದೇ ಸಮಯಕ್ಕೆ ಚಿಕ್ಕಪ್ಪನ ಫೋನ್ ಬಂತು. ತೋಟದ ಮೇಲಿನ ಗುಡ್ಡ ಕಡಿದು ಹೋಂಸ್ಟೇ ಕಟ್ಟುತ್ತಾರಂತೆ. "ವ್ಯೂ ಸೂಪರಾಗಿದೆ, ಪ್ಲಾನ್ ನೀನೇ ಹಾಕಿಕೊಡು ಮಗಾ" ಅಂದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. "ಚಿಕ್ಕಪ್ಪಾ, ಮಳೆಗಾಲದಲ್ಲಿ ಆ ಗುಡ್ಡದ ನೀರು ಎಲ್ಲಿ ಇಳಿಯುತ್ತದೆ? ಬರೆ ಎಷ್ಟು ಅಡಿ ಕಡಿಯುತ್ತೀರಿ?" ಎಂದು ಕೇಳಿದ್ದೇನೆ. ನೋಡಿ ಹೇಳುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಆ ಹಾಳೆ ಖಾಲಿಯೇ ಇರುತ್ತದೆ.