ಹಳೆಯ ಉಡಾವಣಾ ವೇದಿಕೆಗೆ ಹೊಸ ದೈತ್ಯ ರಾಕೆಟ್: ಹೊಂದಿಸುವುದು ಅಷ್ಟು ಸುಲಭವೇ?

2008ರ ಮೇ 31ರಂದು ಅಮೆರಿಕದ ಫ್ಲಾರಿಡಾದಲ್ಲಿರುವ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಡಿಸ್ಕವರಿ ನೌಕೆ ಏಳು ಗಗನಯಾತ್ರಿಗಳನ್ನು ಹೊತ್ತು ಮೇಲೇರಿತು. ಉಡಾವಣೆ ಸುಸೂತ್ರವಾಗಿ ನಡೆಯಿತು. ಆದರೆ ಹೊಗೆ ಕರಗಿದ ಮೇಲೆ 39ಎ ವೇದಿಕೆಯನ್ನು ನೋಡಲು ಹೋದ ಎಂಜಿನಿಯರುಗಳಿಗೆ ಬೇರೆಯೇ ದೃಶ್ಯ ಕಾದಿತ್ತು. ವೇದಿಕೆಯ ಕೆಳಗಿನ ಗೋಡೆಯಿಂದ ಸುಮಾರು 3,500 ಇಟ್ಟಿಗೆಗಳು ಕಿತ್ತುಬಂದು ದೂರದೂರಕ್ಕೆ ಚೆಲ್ಲಾಡಿದ್ದವು.

ಆ ಇಟ್ಟಿಗೆಗಳನ್ನು ಕೂರಿಸಿದ್ದು 1960ರ ದಶಕದಲ್ಲಿ, ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್ 5 ರಾಕೆಟ್ಟಿಗಾಗಿ. ಗೋಡೆಗೂ ಇಟ್ಟಿಗೆಗೂ ನಡುವಿನ ಅಂಟು ನಲವತ್ತು ವರ್ಷಗಳಲ್ಲಿ ಸಡಿಲಗೊಂಡಿತ್ತು. ಅದೃಷ್ಟಕ್ಕೆ ಇಟ್ಟಿಗೆಗಳು ನೌಕೆಯ ಕಡೆಗೆ ಹಾರದೆ ಹೊರಗಡೆಗೆ ಹಾರಿದ್ದವು.

ಹಳೆಯ ವೇದಿಕೆಯನ್ನು ಹೊಸ ರಾಕೆಟ್ಟಿಗೆ ಹೊಂದಿಸುವ ಸುದ್ದಿ ಬಂದಾಗಲೆಲ್ಲ ನಮಗೆ ಈ ಘಟನೆ ನೆನಪಾಗುತ್ತದೆ. "ಜಾಗ ಇದೆ, ಸಿಮೆಂಟು ಇದೆ, ರಾಕೆಟ್ ತಂದು ನಿಲ್ಲಿಸಿದರಾಯಿತು" ಎಂದುಕೊಳ್ಳುವವರು ಬಹಳ. ನಿಜವಾಗಿ ಅಲ್ಲಿ ಏನೇನು ಬದಲಾಗಬೇಕು? ಪಕ್ಕದ 39ಬಿ ವೇದಿಕೆಯ ಕಥೆಯನ್ನು ಹಿಡಿದು ನೋಡೋಣ.

ವೇದಿಕೆ ಎಂದರೆ ಬರೀ ಜಗಲಿಯಲ್ಲ

ಉಡಾವಣಾ ವೇದಿಕೆಯೂ ಒಂದು ಯಂತ್ರವೇ. ರಾಕೆಟ್ಟಿಗೆ ಇಂಧನ ತುಂಬುವುದು, ವಿದ್ಯುತ್ ಕೊಡುವುದು, ಸಿಡಿಲಿನಿಂದ ಕಾಯುವುದು, ಹೊರಡುವ ಕ್ಷಣದಲ್ಲಿ ಅದರ ಬೆಂಕಿಯನ್ನೂ ಸದ್ದನ್ನೂ ಬೇರೆಡೆಗೆ ತಿರುಗಿಸುವುದು, ಎಲ್ಲವೂ ಅದರ ಕೆಲಸ. ಇವೆಲ್ಲವನ್ನೂ ಒಂದು ನಿರ್ದಿಷ್ಟ ರಾಕೆಟ್ಟಿನ ಎತ್ತರ, ತೂಕ, ಎಂಜಿನ್‌ಗಳ ಜಾಗ ನೋಡಿಯೇ ಮಾಡಿರುತ್ತಾರೆ. ರಾಕೆಟ್ ಬದಲಾದರೆ ಲೆಕ್ಕವೆಲ್ಲ ಬದಲಾಗುತ್ತದೆ.

1973ರಲ್ಲಿ ನಾಸಾ ಇದನ್ನು ತಮಾಷೆಯಾದ ರೀತಿಯಲ್ಲಿ ಎದುರಿಸಿತು. ಸುಮಾರು 110 ಮೀಟರ್ ಎತ್ತರದ ಸ್ಯಾಟರ್ನ್ 5ಕ್ಕೆಂದು ಮಾಡಿದ್ದ ಗೋಪುರದಿಂದ, ಅದಕ್ಕಿಂತ ಬಹಳ ಗಿಡ್ಡಗಿನ ಸ್ಯಾಟರ್ನ್ 1ಬಿ ರಾಕೆಟ್ಟನ್ನು ಹಾರಿಸಬೇಕಿತ್ತು. ಗೋಪುರದ ಕೈಗಳು ಮೇಲೆ, ರಾಕೆಟ್ಟಿನ ತಲೆ ಕೆಳಗೆ! ಗೋಪುರವನ್ನು ಬದಲಿಸುವ ಬದಲು ರಾಕೆಟ್ಟಿನ ಕಾಲಡಿಗೆ ಸುಮಾರು 39 ಮೀಟರ್ ಎತ್ತರದ ಉಕ್ಕಿನ ಪೀಠವನ್ನೇ ಇಟ್ಟರು. ಹಾಲು ಕರೆಯುವಾಗ ಕೂರುವ ಪುಟ್ಟ ಸ್ಟೂಲಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೋದ ಗಗನಯಾತ್ರಿಗಳೆಲ್ಲ 39ಬಿಯಲ್ಲಿ ಆ ಪೀಠದ ಮೇಲಿಂದಲೇ ಹೊರಟವರು.

ಚಿಕ್ಕ ರಾಕೆಟ್ಟಿಗೆ ಪೀಠ ಹಾಕಬಹುದು. ದೊಡ್ಡದು ಬಂದರೆ?

ಹಾಗಾದರೆ ಹೊಸದನ್ನೇ ಏಕೆ ಕಟ್ಟಬಾರದು?

ಏಕೆಂದರೆ ವೇದಿಕೆಯಲ್ಲಿ ಹಳತಾಗದ ಸಂಗತಿಗಳೂ ಇವೆ. ಮೊದಲನೆಯದು ಜಾಗ. ಪೂರ್ವಕ್ಕೆ ಸಮುದ್ರವಿರುವುದರಿಂದ ಕಳಚಿದ ಭಾಗಗಳು ಊರುಗಳ ಮೇಲೆ ಬೀಳುವುದಿಲ್ಲ. ಭೂಮಿಯ ತಿರುಗುವಿಕೆಯ ವೇಗವೂ ರಾಕೆಟ್ಟಿಗೆ ಸಿಗುತ್ತದೆ. ಎರಡನೆಯದು ಆ ಮಣ್ಣಿನ ದಿಬ್ಬ. ಫ್ಲಾರಿಡಾದ ಕರಾವಳಿಯಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತದೆ. ಹಾಗಾಗಿ ಬೆಂಕಿ ಹರಿಯುವ ಕಾಲುವೆಯನ್ನು ತೋಡುವ ಬದಲು ದೊಡ್ಡ ದಿಬ್ಬವನ್ನೇ ಎಬ್ಬಿಸಿ, ಅದರ ನಡುವೆ ಕಾಲುವೆಯನ್ನು ಬಿಟ್ಟರು. ಸುಮಾರು 137 ಮೀಟರ್ ಉದ್ದ, 18 ಮೀಟರ್ ಅಗಲ, 13 ಮೀಟರ್ ಆಳದ ಕಾಲುವೆ ಅದು.

ಮೂರನೆಯದು ರಾಕೆಟ್ ಜೋಡಿಸುವ ಬೃಹತ್ ಕಟ್ಟಡ ಮತ್ತು ಅಲ್ಲಿಂದ ವೇದಿಕೆಗೆ ಬರುವ ದಾರಿ. 39ಬಿಗೆ ಸುಮಾರು 6.8 ಕಿ.ಮೀ. ದೂರ. ಕ್ರಾಲರ್ ಎಂಬ ದೈತ್ಯ ಬಂಡಿ ರಾಕೆಟ್ಟನ್ನು ನಿಲ್ಲಿಸಿಕೊಂಡೇ ಗಂಟೆಗೆ ಒಂದೂವರೆ ಕಿ.ಮೀ.ಗೂ ಕಡಿಮೆ ವೇಗದಲ್ಲಿ ಬರುತ್ತದೆ. ದಾರಿಗೆ ಹಾಸಿರುವುದು ನದಿಯ ಉರುಟು ಕಲ್ಲುಗಳನ್ನು. ಅವು ಬಂಡಿಯ ಅಡಿಯಲ್ಲಿ ಜಾರಿಕೊಳ್ಳುವುದರಿಂದ ಘರ್ಷಣೆ ಕಡಿಮೆ, ಕಿಡಿ ಏಳುವ ಭಯವೂ ಕಡಿಮೆ. ಇದನ್ನೆಲ್ಲ ಬಿಟ್ಟು ಬೇರೆಡೆ ಹೋಗುವುದು ಜಾಣತನವಲ್ಲ.

1981ರಲ್ಲಿ ಕಲಿತ ಪಾಠ

ಚಂದ್ರಯಾನಗಳು ಮುಗಿದ ಮೇಲೆ ಈ ವೇದಿಕೆಗಳನ್ನು ಸ್ಪೇಸ್ ಶಟಲ್‌ಗೆ ಮಾರ್ಪಡಿಸಿದರು. 1981ರ ಏಪ್ರಿಲ್ 12ರಂದು 39ಎಯಿಂದ ಕೊಲಂಬಿಯಾ ನೌಕೆಯ ಮೊದಲ ಹಾರಾಟ. ಒಳಗೆ ಇಬ್ಬರು ಗಗನಯಾತ್ರಿಗಳಿದ್ದರು. ಬದಿಯ ಘನ ಇಂಧನ ಬೂಸ್ಟರುಗಳು ಹೊತ್ತಿಕೊಂಡಾಗ ಕೆಳಗಿನಿಂದ ಒತ್ತಡದ ಅಲೆಯೊಂದು ಪುಟಿದು ನೌಕೆಗೆ ಬಡಿಯಿತು. ಅದು ಲೆಕ್ಕ ಹಾಕಿದ್ದಕ್ಕಿಂತ ಬಹಳ ಜೋರಾಗಿತ್ತು. ಶಾಖದಿಂದ ಕಾಯುವ 16 ಹೆಂಚುಗಳು ಕಳಚಿಹೋದವು, 148 ಹೆಂಚುಗಳಿಗೆ ಪೆಟ್ಟಾಯಿತು.

ಸ್ಯಾಟರ್ನ್ 5ರ ದ್ರವ ಇಂಧನದ ಎಂಜಿನ್‌ಗಳು ನಿಧಾನವಾಗಿ ಪೂರ್ಣ ಬಲಕ್ಕೆ ಬರುತ್ತಿದ್ದವು. ಘನ ಇಂಧನದ ಬೂಸ್ಟರ್ ಹಾಗಲ್ಲ, ಹೊತ್ತಿಕೊಂಡ ಕ್ಷಣಾರ್ಧದಲ್ಲೇ ಪೂರ್ಣ ಬಲ. ಕಾಲುವೆಯಲ್ಲಿದ್ದ ಗಾಳಿಗೆ ಸರಿದುಕೊಳ್ಳಲು ಸಮಯವೇ ಇಲ್ಲ. ಮುಂದಿನ ಹಾರಾಟಕ್ಕೆ ಮೊದಲು ಬೂಸ್ಟರುಗಳ ಬೆಂಕಿ ಬೀಳುವಲ್ಲೇ ನೀರು ಚಿಮ್ಮಿಸುವ ಏರ್ಪಾಡು ಮಾಡಿದರು, ರಂಧ್ರಗಳ ಅಡ್ಡಕ್ಕೆ ನೀರು ತುಂಬಿದ ಚೀಲಗಳನ್ನು ಕಟ್ಟಿದರು. ಅಲೆ ಅಡಗಿತು. ಒಂದು ರಾಕೆಟ್ಟಿಗೆ ಸರಿಹೋದ ವೇದಿಕೆ ಇನ್ನೊಂದಕ್ಕೆ ಅಪಾಯವಾಗಬಹುದು ಎಂಬುದು ಅಂದು ಖಚಿತವಾಯಿತು.

ನೀರು ಬೆಂಕಿ ಆರಿಸಲಿಕ್ಕೋ?

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸೋಣ. ಉಡಾವಣೆಯ ವೇಳೆ ಧುಮ್ಮಿಕ್ಕುವ ನೀರು ಬೆಂಕಿಯನ್ನು ತಣಿಸಲು ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಸದ್ದನ್ನು ನುಂಗುವುದು. ಖಾಲಿ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಗೋಡೆಗಳಿಂದ ಸದ್ದು ಮರಳುತ್ತದಲ್ಲವೇ? ಹಾಗೆಯೇ ಎಂಜಿನ್ನಿನ ಆರ್ಭಟ ಕಾಂಕ್ರೀಟಿಗೆ ಬಡಿದು ರಾಕೆಟ್ಟಿಗೇ ಮರಳುತ್ತದೆ. ಆ ಕಂಪನಕ್ಕೆ ರಾಕೆಟ್ಟಿನ ಸೂಕ್ಷ್ಮ ಉಪಕರಣಗಳು ಹಾಳಾಗಬಹುದು. ಕೋಟ್ಯಂತರ ನೀರಹನಿಗಳು ಒಡೆದು ಆವಿಯಾಗುತ್ತ ಆ ಶಕ್ತಿಯನ್ನು ಹೀರಿಕೊಳ್ಳುತ್ತವೆ. ನಾವು ಟಿ.ವಿ.ಯಲ್ಲಿ "ಹೊಗೆ" ಎಂದು ನೋಡುವ ಬಿಳಿ ಮೋಡದಲ್ಲಿ ಬಹುಪಾಲು ಈ ನೀರಾವಿಯೂ ಸೇರಿರುತ್ತದೆ.

39ಬಿಯಲ್ಲಿ ಏನೇನು ಬದಲಾಯಿತು?

ಶಟಲ್ 39ಬಿಯಿಂದ ಕೊನೆಯ ಬಾರಿ ಹಾರಿದ್ದು 2006ರ ಡಿಸೆಂಬರಿನಲ್ಲಿ. ಆಮೇಲೆ ಅಲ್ಲಿಂದ ಹಾರಬೇಕಾದದ್ದು ಎಸ್‌ಎಲ್‌ಎಸ್ ಎಂಬ ಹೊಸ ರಾಕೆಟ್. ಎತ್ತರ ಸುಮಾರು 98 ಮೀಟರ್. ನೂಕುಬಲ ಸ್ಯಾಟರ್ನ್ 5ಕ್ಕಿಂತ ಶೇ. 15ರಷ್ಟು ಹೆಚ್ಚು. ಅದಕ್ಕಾಗಿ ಮಾಡಿದ ಮುಖ್ಯ ಬದಲಾವಣೆಗಳು ಇವು:

1. ಗೋಪುರ ತೆಗೆದದ್ದು: ಶಟಲ್ ಕಾಲದ ಉಕ್ಕಿನ ಗೋಪುರಗಳನ್ನು ಬಿಚ್ಚಿ ವೇದಿಕೆಯನ್ನು ಬೋಳು ಮಾಡಿದರು. ಈಗ ಗೋಪುರ ರಾಕೆಟ್ಟಿನ ಜೊತೆಗೇ ಬಂದು ಜೊತೆಗೇ ಹೋಗುತ್ತದೆ. ಉಪ್ಪುಗಾಳಿಗೆ ನಿಂತು ತುಕ್ಕು ಹಿಡಿಯುವುದೂ ತಪ್ಪಿತು.

2. ಸಿಡಿಲು ಗೋಪುರಗಳು: ಸುಮಾರು 180 ಮೀಟರ್ ಎತ್ತರದ ಮೂರು ಗೋಪುರಗಳು ಸುತ್ತ ನಿಂತಿವೆ. ಅವುಗಳ ನಡುವಿನ ತಂತಿಗಳು ಸಿಡಿಲನ್ನು ನೆಲಕ್ಕೆ ಇಳಿಸುತ್ತವೆ. ಸಿಡಿಲು ಹೆಚ್ಚಾಗಿ ಬಡಿಯುವ ಫ್ಲಾರಿಡಾದಲ್ಲಿ ಇದು ಬೇಕೇ ಬೇಕು.

3. ಬೆಂಕಿ ಕಾಲುವೆ: 2008ರ ಪಾಠ ಇಲ್ಲಿ ಕೆಲಸಕ್ಕೆ ಬಂತು. ಹಳೆಯ ಇಟ್ಟಿಗೆಗಳನ್ನು ಕಿತ್ತು, ಶಾಖ ತಡೆಯುವ ಸುಮಾರು ಒಂದು ಲಕ್ಷ ಹೊಸ ಇಟ್ಟಿಗೆಗಳನ್ನು ಕೂರಿಸಿದರು. ಶಟಲ್‌ಗೆ ಬೆಂಕಿಯನ್ನು ಎರಡು ದಿಕ್ಕಿಗೆ ಒಡೆಯುವ ಇಳಿಜಾರಿತ್ತು. ಎಸ್‌ಎಲ್‌ಎಸ್‌ಗೆ ಅದನ್ನು ತೆಗೆದು, ಎಲ್ಲ ಬೆಂಕಿಯನ್ನೂ ಉತ್ತರಕ್ಕೆ ತಿರುಗಿಸುವ ಉಕ್ಕಿನ ಫಲಕಗಳ ಇಳಿಜಾರು ಹಾಕಿದರು.

4. ನೀರು: ಈಗ ಒಂದು ನಿಮಿಷದೊಳಗೆ 15 ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ.

5. ಇಂಧನ: ಅತಿಶೀತಲ ದ್ರವ ಜಲಜನಕಕ್ಕೆ ಸುಮಾರು 47 ಲಕ್ಷ ಲೀಟರ್ ಹಿಡಿಯುವ ಹೊಸ ಗೋಳಾಕಾರದ ಟ್ಯಾಂಕ್ ಬಂದಿದೆ. ಹಳೆಯದು ಹಿಡಿಯುತ್ತಿದ್ದದ್ದು ಸುಮಾರು 32 ಲಕ್ಷ ಲೀಟರ್.

6. ಬಂಡಿ: 1960ರ ದಶಕದ ಅದೇ ಕ್ರಾಲರ್ ಬಂಡಿ. ಹೊರುವ ಶಕ್ತಿಯನ್ನು ಸುಮಾರು 5,400 ಟನ್‌ನಿಂದ 8,200 ಟನ್‌ಗೆ ಏರಿಸಿದರು.

ಹಳೆಯದು ಅಗ್ಗವೇ?

ಯಾವಾಗಲೂ ಅಲ್ಲ. ಎಸ್‌ಎಲ್‌ಎಸ್ ಜೊತೆ ಬರುವ ಸಂಚಾರಿ ಗೋಪುರವನ್ನು ಮೊದಲು ಕಟ್ಟಿದ್ದು ಏರ್ಸ್ 1 ಎಂಬ ತೆಳ್ಳಗಿನ ರಾಕೆಟ್ಟಿಗೆ. ಆ ಯೋಜನೆ ರದ್ದಾಯಿತು. ಇದ್ದ ಗೋಪುರವನ್ನೇ ಬಳಸೋಣವೆಂದು ಹೊರಟರೆ, ಬೆಂಕಿ ಹಾಯುವ ರಂಧ್ರದಿಂದಲೇ ಕೆಲಸ ಶುರುವಾಯಿತು. ಸುಮಾರು 7 ಮೀಟರ್ ಚೌಕದ ರಂಧ್ರವನ್ನು 18 ಮೀಟರ್ ಉದ್ದ, 9 ಮೀಟರ್ ಅಗಲಕ್ಕೆ ಕತ್ತರಿಸಿ, ಸುತ್ತಲಿನ ಉಕ್ಕನ್ನು ಬಲಪಡಿಸಬೇಕಾಯಿತು. ನಾಸಾದ ಆಂತರಿಕ ತಪಾಸಣಾ ಕಚೇರಿ 2020ರಲ್ಲಿ ಕೊಟ್ಟ ವರದಿಯಂತೆ, ಈ ಮಾರ್ಪಾಡಿಗೆ ಖರ್ಚಾದದ್ದು 69.3 ಕೋಟಿ ಡಾಲರ್. ಮೂಲ ಗೋಪುರ ಕಟ್ಟಲು ತಗಲಿದ್ದು 23.4 ಕೋಟಿ ಡಾಲರ್ ಮಾತ್ರ!

ಇಷ್ಟೆಲ್ಲ ಮಾಡಿದ ಮೇಲೆ 2022ರ ನವೆಂಬರ್ 16ರಂದು ಎಸ್‌ಎಲ್‌ಎಸ್ ಮೊದಲ ಬಾರಿ ಹಾರಿತು. ರಾಕೆಟ್ ಚೆನ್ನಾಗಿ ಹೋಯಿತು. ಆದರೆ ಗೋಪುರದ ಲಿಫ್ಟಿನ ಬಾಗಿಲುಗಳು ಕಿತ್ತುಹೋದವು, ಅನಿಲದ ಕೊಳವೆಗಳಿಗೂ ಪೆಟ್ಟಾಯಿತು. ಲೆಕ್ಕ ಎಷ್ಟೇ ಮಾಡಿದರೂ ಮೊದಲ ಹಾರಾಟವೇ ನಿಜವಾದ ಪರೀಕ್ಷೆ. ಈ ಪರೀಕ್ಷೆಯ ವೇಳೆ ರಾಕೆಟ್ಟಿನಲ್ಲಿ ಮನುಷ್ಯರಿರಲಿಲ್ಲ ಎಂಬುದು 1981ಕ್ಕೂ 2022ಕ್ಕೂ ಇರುವ ದೊಡ್ಡ ವ್ಯತ್ಯಾಸ.

ನಮ್ಮಲ್ಲಿ?

ಶ್ರೀಹರಿಕೋಟಾದಲ್ಲೂ ಇದೇ ಪ್ರಶ್ನೆ ಎದುರಾಗಿದೆ. ಗಗನಯಾನಕ್ಕಾಗಿ ಇಸ್ರೋ ಅಲ್ಲಿನ ಎರಡನೇ ವೇದಿಕೆಯನ್ನೇ ಮಾರ್ಪಡಿಸಿಕೊಂಡಿದೆ. ಹಾರುವುದು ಅಲ್ಲಿಂದಲೇ ಹಾರುತ್ತಿದ್ದ ಎಲ್‌ವಿಎಂ3 ರಾಕೆಟ್ಟಾದ್ದರಿಂದ ಅದು ಸಾಧ್ಯವಾಯಿತು. ಅದಕ್ಕಿಂತ ಬಹಳ ದೊಡ್ಡದಾದ ಮುಂದಿನ ಪೀಳಿಗೆಯ ರಾಕೆಟ್ಟಿಗೆ ಮಾತ್ರ ಮೂರನೇ ವೇದಿಕೆಯನ್ನೇ ಕಟ್ಟುವ ನಿರ್ಧಾರವಾಗಿದೆ. 2025ರ ಜನವರಿಯಲ್ಲಿ ಕೇಂದ್ರ ಸಂಪುಟ ಇದಕ್ಕೆ 3,984.86 ಕೋಟಿ ರೂಪಾಯಿ ಮಂಜೂರು ಮಾಡಿತು.

ಹಾಗಾಗಿ ಇನ್ನುಮುಂದೆ "ಹಳೆಯ ವೇದಿಕೆಯಿಂದ ಹೊಸ ರಾಕೆಟ್" ಎಂಬ ಸುದ್ದಿ ಓದಿದಾಗ, ಅದರಲ್ಲಿ ಹಳೆಯದಾಗಿ ಉಳಿದಿರುವುದು ಬಹುಶಃ ಜಾಗ, ದಿಬ್ಬ ಮತ್ತು ದಾರಿ ಮಾತ್ರ ಎಂದು ತಿಳಿಯಿರಿ. ಉಳಿದದ್ದನ್ನು ಬಿಚ್ಚಿ, ತಟ್ಟಿ, ಅಳೆದು ನೋಡಲೇಬೇಕು. ಗಟ್ಟಿಯಾಗಿ ಕಾಣುವ ಇಟ್ಟಿಗೆಯ ಹಿಂದೆ ಅಂಟು ಉಳಿದಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲವಲ್ಲ!