ನೇತ್ರಾಣಿಯಲ್ಲಿ ಮುಳುಗಿದವರು ಅಂದೇ ಘಟ್ಟ ಹತ್ತಬಾರದು

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದು, ಸಂಜೆಯೇ ಅರಬೈಲ್ ಘಟ್ಟ ಹತ್ತಿ ಗೋಕಾಕಕ್ಕೋ ಹುಕ್ಕೇರಿಗೋ ಮರಳುವ ಲೆಕ್ಕ ಹಾಕಿದವರು ಆ ರಾತ್ರಿ ಕರಾವಳಿಯಲ್ಲೇ ಉಳಿಯುವುದು ಲೇಸು.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಮೈಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. ಸಿಲಿಂಡರಿನ ಗಾಳಿಯೂ ಅದೇ ಒತ್ತಡದಲ್ಲಿ ಶ್ವಾಸಕೋಶಕ್ಕೆ ಬರುತ್ತದೆ. ಅದರಲ್ಲಿ ಶೇ. 78ರಷ್ಟಿರುವ ಸಾರಜನಕವನ್ನು ದೇಹ ಬಳಸುವುದಿಲ್ಲ; ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನೊಂದಿಗೆ ಹೊರಬೀಳುತ್ತದೆ. ಗಡಬಡಿಸಿ ಬಂದರೆ ಅಲ್ಲಲ್ಲೇ ಗುಳ್ಳೆಯಾಗುತ್ತದೆ. ಇದೇ ಡಿಕಂಪ್ರೆಷನ್ ಕಾಯಿಲೆ. ಸಾರಜನಕದ ಈ ಕಾಟವನ್ನು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ವಿವರಿಸಿದರು. ಮೂಡಲಗಿಯ ಬಾವಿಯಲ್ಲಿ ಉಸಿರು ಬಿಗಿಹಿಡಿದು ಒಂದೆರಡು ಸಲ ಮುಳುಗಿ ಏಳುವವರಿಗೆ ಈ ಭಯವಿಲ್ಲ. ಅವರೊಳಗೆ ಇಳಿಯುವುದು ಒಂದೇ ಉಸಿರಿನ ಗಾಳಿ.

ದಡ ಸೇರಿದ ಮೇಲೂ ಸಾರಜನಕ ಗಂಟೆಗಟ್ಟಲೆ ಮೈಯಲ್ಲಿರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ. 8ರಷ್ಟು ಕಡಿಮೆ; ಒತ್ತಡ ಇಳಿದಾಗ ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ಇದೇ ಕಾರಣಕ್ಕೆ ವಿಮಾನ ಹತ್ತುವ ಡೈವರ್‌ಗಳಿಗೆ ತಜ್ಞರು ಹೇಳುವುದು: ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯಿರಿ. 600 ಮೀಟರ್ ಮೀರುವ ಘಟ್ಟದ ದಾರಿಗೂ ಇದನ್ನೇ ಪಾಲಿಸುವುದು ಕ್ಷೇಮ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವೂ ಈ ಎತ್ತರದ್ದೇ. ಅಲ್ಲಿ ಸಿಲಿಂಡರ್ ಕಟ್ಟಿ ಇಳಿಯುವವರು ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಸಮುದ್ರದ ಲೆಕ್ಕಪಟ್ಟಿಯನ್ನು ಹಾಗೇ ನಂಬಬಾರದು.

ನೇತ್ರಾಣಿಯಲ್ಲಿ ಸ್ವಲ್ಪ ಹೊತ್ತು, ಸ್ವಲ್ಪ ಆಳಕ್ಕೆ ಇಳಿದವರಿಗೆ ಕಾಯಿಲೆ ಬರುವುದು ಅಪರೂಪ. ಬಂದಾಗ ಮಾತ್ರ ಮೋಸ ಮಾಡುತ್ತದೆ. ಭುಜದೊಳಗೆ ಆಳವಾದ ನೋವು. ಸಿಲಿಂಡರ್ ಎತ್ತಿದ್ದಕ್ಕಿರಬೇಕೆಂದು ಮುಲಾಮು ತಿಕ್ಕುತ್ತಾರೆ. ಕಾಲು ಜೋಮು ಹಿಡಿಯುತ್ತದೆ, ತಲೆ ಸುತ್ತುತ್ತದೆ, ಮೂತ್ರ ಕಟ್ಟುತ್ತದೆ. ಗುಳ್ಳೆ ಬೆನ್ನುಹುರಿಗೆ ಏಟು ಕೊಟ್ಟರೆ ಲಕ್ವ ಹೊಡೆದಂತಾಗುತ್ತದೆ.

ತಕ್ಷಣದ ಮದ್ದು ಶುದ್ಧ ಆಮ್ಲಜನಕ. ರೋಗಿಯನ್ನು ಚಪ್ಪಟೆ ಮಲಗಿಸಿ ಮಾಸ್ಕ್ ಹಾಕಬೇಕು, ಮತ್ತೆ ನೀರಿಗಿಳಿಸಬಾರದು. ಪೂರ್ತಿ ಚಿಕಿತ್ಸೆ ನಡೆಯುವುದು ಒತ್ತಡದ ಕೋಣೆಯಲ್ಲಿ. 18 ಮೀಟರ್ ಆಳದಷ್ಟು ಒತ್ತಡ ಏರಿಸಿ ಆಮ್ಲಜನಕ ಉಸಿರಾಡಿಸಿದರೆ ಗುಳ್ಳೆ ಕುಗ್ಗಿ, ಸಾರಜನಕ ಹೊರಹೋಗುತ್ತದೆ. ಅಮೆರಿಕ ನೌಕಾಪಡೆಯ ಟೇಬಲ್ 6 ಪ್ರಕಾರ ಇದಕ್ಕೆ 4 ಗಂಟೆ 45 ನಿಮಿಷ ಬೇಕು. ಮಧ್ಯೆ ಮಧ್ಯೆ ಬರೀ ಗಾಳಿ ಕೊಡುತ್ತಾರೆ, ಆಮ್ಲಜನಕವೇ ವಿಷವಾಗದಿರಲೆಂದು.

ಊರು ಸೇರಿದ ಮೇಲೆ ಕೀಲು ನೋವೋ ಜೋಮೋ ಕಂಡರೆ, ವೈದ್ಯರಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಯಾವಾಗ, ಎಷ್ಟು ಆಳಕ್ಕೆ, ಎಷ್ಟು ಹೊತ್ತು ಮುಳುಗಿದ್ದಿರಿ. ಅವರಾಗಿ ಕೇಳಲೆಂದು ಕಾಯಬೇಡಿ.